ಹೃದಯದ ನ್ಯೂಕ್ಲಿಯರ್ ಸ್ಕ್ಯಾನ್: ಚೀಟಿ ಕೈಗೆ ಬಂದ ದಿನದಿಂದ ವರದಿ ಓದುವವರೆಗೆ

ಈ ಸ್ಕ್ಯಾನ್ ಕೆಡುವುದಿದ್ದರೆ ಸಾಮಾನ್ಯವಾಗಿ ಹಿಂದಿನ ದಿನ ಮನೆಯಲ್ಲೇ ಕೆಟ್ಟಿರುತ್ತದೆ. ಬೆಳಗಿನ ಜಾವ ಬಸ್ಸಿಳಿದು ಕುಡಿದ ಅರ್ಧ ಲೋಟ ಕಾಫಿ, ನಿಲ್ಲಿಸಬೇಕಿದ್ದ ಮಾತ್ರೆಯನ್ನು ಅಭ್ಯಾಸಬಲದಿಂದ ನುಂಗಿದ್ದು, ನಿಲ್ಲಿಸಲೇಬಾರದ ಮಾತ್ರೆಯನ್ನು ಹೆದರಿ ಬಿಟ್ಟದ್ದು: ಎಷ್ಟೋ ಮಂದಿ ದೂರದ ಊರಿಂದ ಬಂದು, ಅರ್ಧ ದಿನ ಕಾದು, ಇನ್ನೊಂದು ದಿನ ಬನ್ನಿ ಎನಿಸಿಕೊಂಡು ಹೋಗುವುದು ಈ ಕಾರಣಗಳಿಂದಲೇ. ಆದರೂ ಅವರು ಪುಣ್ಯವಂತರು. ಕಾಫಿ ಕುಡಿದದ್ದನ್ನು ಹೇಳದೆ ಪರೀಕ್ಷೆ ಮಾಡಿಸಿಕೊಂಡವರಿಗೆ, ಇರುವ ತೊಂದರೆಯೇ ಕಾಣದ ‘ನಾರ್ಮಲ್’ ವರದಿ ಸಿಗಬಹುದು. ಅದು ಹೆಚ್ಚು ಅಪಾಯ.

ಹಂತಗಳಿಗೆ ಹೋಗುವ ಮೊದಲು ಒಂದು ವಿಷಯ ಅರ್ಥವಾಗಿರಬೇಕು. ಇಲ್ಲದಿದ್ದರೆ ಮುಂದಿನ ನಿಯಮಗಳೆಲ್ಲ ಸುಮ್ಮನೆ ಹೇರಿದಂತೆ ಕಾಣುತ್ತವೆ. ರಕ್ತದ ಜೊತೆ ಹರಿದು ಹೃದಯದ ಸ್ನಾಯುವಿನೊಳಗೆ ನಿಲ್ಲುವ ಒಂದು ವಿಕಿರಣಶೀಲ ಔಷಧವನ್ನು ತೋಳಿನ ರಕ್ತನಾಳಕ್ಕೆ ಕೊಡುತ್ತಾರೆ. ರಕ್ತ ಚೆನ್ನಾಗಿ ತಲುಪಿದ ಜಾಗ ಚಿತ್ರದಲ್ಲಿ ಬೆಳಗುತ್ತದೆ, ತಲುಪದ ಜಾಗ ಮಂಕಾಗುತ್ತದೆ. ವಿಶ್ರಾಂತಿಯಲ್ಲಿರುವಾಗ ಒಂದು ಚಿತ್ರ, ಟ್ರೆಡ್‌ಮಿಲ್‌ನಿಂದಲೋ ಔಷಧದಿಂದಲೋ ಹೃದಯಕ್ಕೆ ಕೆಲಸ ಕೊಟ್ಟಾಗ (ಇದನ್ನೇ ‘ಸ್ಟ್ರೆಸ್’ ಎನ್ನುವುದು) ಇನ್ನೊಂದು. ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದರೂ ಸುಮ್ಮನೆ ಕೂತವರ ಹೃದಯಕ್ಕೆ ರಕ್ತ ಸಾಕಾಗುತ್ತದೆ. ಕೊರತೆ ಬಯಲಾಗುವುದು ಹೃದಯ ಹೆಚ್ಚು ರಕ್ತ ಕೇಳಿದಾಗ. ಹಾಗಾಗಿ ಪರೀಕ್ಷೆಯ ಜೀವಾಳ ಆ ಎರಡನೆಯ ಸ್ಥಿತಿ. ತಯಾರಿಯ ನಿಯಮಗಳಲ್ಲಿ ಹೆಚ್ಚಿನವು ಅದನ್ನು ಕಾಯುವುದಕ್ಕಾಗಿಯೇ ಇವೆ.

## ಹಂತ 1: ಚೀಟಿಯಲ್ಲಿ ಬರೆದಿರುವುದು ಯಾವ ಸ್ಕ್ಯಾನ್?

‘ಹಾರ್ಟ್ ಸ್ಕ್ಯಾನ್’ ಎಂಬ ಒಂದೇ ಹೆಸರಲ್ಲಿ ನಾಲ್ಕೈದು ಬೇರೆ ಬೇರೆ ಪರೀಕ್ಷೆಗಳು ಓಡಾಡುತ್ತವೆ. ಒಂದರ ತಯಾರಿ ಇನ್ನೊಂದಕ್ಕೆ ಹೊಂದುವುದಿಲ್ಲ. ಪಕ್ಕದ ಮನೆಯವರು ಹೇಳಿದ ತಯಾರಿ ನಿಮ್ಮದಲ್ಲದಿರಬಹುದು.

ಸ್ಟ್ರೆಸ್ ಥ್ಯಾಲಿಯಂ, ಎಂಪಿಐ, ಸ್ಟ್ರೆಸ್ ಮಿಬಿ, ಸ್ಪೆಕ್ಟ್ ಪರ್ಫ್ಯೂಷನ್: ಇವೆಲ್ಲ ರಕ್ತ ಪೂರೈಕೆ ನೋಡುವ ಒಂದೇ ಬಗೆಯ ಪರೀಕ್ಷೆಗಳು. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ. ಬಾಯಲ್ಲಿ ಥ್ಯಾಲಿಯಂ ಎಂದರೂ ಇಂದು ಹೆಚ್ಚಿನ ಕಡೆ ಕೊಡುವುದು ಟೆಕ್ನೀಶಿಯಂ-99ಎಂ ಸೇರಿಸಿದ ಸೆಸ್ಟಾಮಿಬಿ ಅಥವಾ ಟೆಟ್ರೋಫಾಸ್ಮಿನ್. ನಿಮಗೆ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮನೆಗೆ ಹೋದ ಮೇಲಿನ ಎಚ್ಚರಿಕೆಗಳು ಅದರ ಮೇಲೆ ನಿಂತಿವೆ.

ವಯಬಿಲಿಟಿ ಸ್ಕ್ಯಾನ್: ಹೃದಯಾಘಾತದ ನಂತರ ಸ್ನಾಯು ಸತ್ತಿದೆಯೋ, ಬರೀ ಮಲಗಿದೆಯೋ ಎಂದು ನೋಡುವುದು. ಥ್ಯಾಲಿಯಂನಲ್ಲಾದರೆ ನಾಲ್ಕು ಗಂಟೆ ಬಿಟ್ಟು, ಬೇಕಾದರೆ ಮಾರನೆಯ ದಿನ ಮತ್ತೆ ಚಿತ್ರ ತೆಗೆಯುತ್ತಾರೆ. ಆ ಊರಲ್ಲಿ ತಂಗುವ ವ್ಯವಸ್ಥೆ ಮಾಡಿಕೊಂಡೇ ಹೋಗಿ.

ಎಫ್‌ಡಿಜಿ ಪೆಟ್: ಸಕ್ಕರೆಯಂಥ ವಸ್ತು ಬಳಸುವ ಪರೀಕ್ಷೆ. ಊಟದ ನಿಯಮ ತೀರಾ ಬೇರೆ. ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದಿದೆ.

ಮುಗಾ: ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತಿದೆ ಎಂದು ಅಳೆಯುವುದು. ಕೆಲವು ಕೀಮೋಥೆರಪಿ ಔಷಧಗಳ ಮೊದಲು ಮತ್ತು ನಡುವೆ ಮಾಡಿಸುತ್ತಾರೆ. ಸಾಮಾನ್ಯವಾಗಿ ಉಪವಾಸ ಬೇಕಿಲ್ಲ.

ಪಿವೈಪಿ: ಹೃದಯದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಿದೆಯೇ ಎಂದು ನೋಡಲು. ಇದಕ್ಕೂ ಉಪವಾಸವಿಲ್ಲ.

ಇಲ್ಲೇ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: “ಈ ಸ್ಕ್ಯಾನ್‌ನಿಂದ ನಿಮಗೆ ಏನು ತಿಳಿಯಬೇಕು?” ಬ್ಲಾಕ್ ಇದೆಯೇ ಎಂದು ಮೊದಲ ಬಾರಿ ಹುಡುಕುತ್ತಿದ್ದರೆ ಕೆಲವು ಮಾತ್ರೆ ನಿಲ್ಲಿಸಲು ಹೇಳಬಹುದು. ಕೊಡುತ್ತಿರುವ ಔಷಧ ಸಾಕಾಗುತ್ತಿದೆಯೇ ಎಂದು ನೋಡುವುದಾದರೆ ಅವೇ ಮಾತ್ರೆಗಳನ್ನು ನುಂಗಿಕೊಂಡೇ ಬರಬೇಕು. ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ.

## ಹಂತ 2: ಒಂದು ವಾರ ಮೊದಲು ಕೇಂದ್ರಕ್ಕೆ ತಿಳಿಸಬೇಕಾದ್ದು

ಫೋನಿನಲ್ಲಿ ದಿನಾಂಕ ಮಾತ್ರ ಗೊತ್ತುಮಾಡಿಕೊಂಡು ಇಟ್ಟುಬಿಡುವುದು ದೊಡ್ಡ ತಪ್ಪು. ಈ ಕೆಳಗಿನವು ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಆಸ್ತಮಾ ಅಥವಾ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದರೆ, ಅದರಲ್ಲೂ ಈಚೆಗೆ ಉಬ್ಬಸ ಬಂದಿದ್ದರೆ, ಮೊದಲು ಅದನ್ನೇ ಹೇಳಬೇಕು. ರಕ್ತನಾಳ ಹಿಗ್ಗಿಸಲು ಕೊಡುವ ಅಡಿನೋಸಿನ್ ಶ್ವಾಸನಾಳವನ್ನು ಬಿಗಿಗೊಳಿಸಬಲ್ಲದು. ಗೊತ್ತಿದ್ದರೆ ಡೋಬುಟಮಿನ್‌ನಂಥ ಬೇರೆ ಔಷಧ ಸಿದ್ಧವಿಟ್ಟಿರುತ್ತಾರೆ.

ಗರ್ಭಿಣಿಯಾಗಿದ್ದರೆ, ಮುಟ್ಟು ತಡವಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಸಂಕೋಚ ಬೇಡ. ಬಳಸುವ ಔಷಧಕ್ಕೆ ತಕ್ಕಂತೆ ಕೆಲ ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಹಾಲು ಕೊಡಬೇಡಿ ಎನ್ನಬಹುದು. ಮೊದಲೇ ತಿಳಿದರೆ ಹಾಲು ಹಿಂಡಿ ಫ್ರಿಜ್‌ನಲ್ಲಿ ಇಟ್ಟುಕೊಳ್ಳಲು ಸಮಯ ಸಿಗುತ್ತದೆ.

ಮಂಡಿನೋವು, ಪಾರ್ಶ್ವವಾಯು, ಕಾಲಿನ ಗಾಯದಿಂದ ವೇಗವಾಗಿ ನಡೆಯಲಾಗದಿದ್ದರೆ ಟ್ರೆಡ್‌ಮಿಲ್ ಬದಲು ಔಷಧದಿಂದ ಪರೀಕ್ಷೆ ಮಾಡುತ್ತಾರೆ. ಇಸಿಜಿಯಲ್ಲಿ ‘ಎಲ್‌ಬಿಬಿಬಿ’ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿ ತಡೆ) ಎಂದು ಬರೆದಿದ್ದರೆ ಅಥವಾ ಪೇಸ್‌ಮೇಕರ್ ಇದ್ದರೂ ಹೇಳಿ. ಅಂಥವರು ಓಡಿದರೆ ಬ್ಲಾಕ್ ಇಲ್ಲದಿದ್ದರೂ ಹೃದಯದ ನಡುಗೋಡೆ ಮಂಕಾಗಿ ಕಾಣಬಹುದು.

ತೂಕ ಹೇಳಿ. ಮೇಜಿಗೆ ತಾಳಿಕೆಯ ಮಿತಿ ಇರುತ್ತದೆ. ಮೈ ದಪ್ಪವಿದ್ದವರಿಗೆ ಎರಡು ದಿನದ ಕ್ರಮವೇ (ಎರಡು ಚಿತ್ರಗಳನ್ನು ಬೇರೆ ಬೇರೆ ದಿನ ತೆಗೆಯುವುದು) ಒಳ್ಳೆಯ ಚಿತ್ರ ಕೊಡುತ್ತದೆ. ಭುಜದ ನೋವಿನಿಂದ ಕೈಯನ್ನು ತಲೆಯ ಮೇಲೆ ಹದಿನೈದು ನಿಮಿಷ ಇಟ್ಟುಕೊಳ್ಳಲಾಗದವರೂ ಈಗಲೇ ತಿಳಿಸಬೇಕು.

ತುಂಬ ಜನ ಕೇಳುವ ಒಂದು ಸಂಶಯಕ್ಕೆ ಇಲ್ಲೇ ಉತ್ತರ: ಇದು ಆಂಜಿಯೋಗ್ರಾಂನಲ್ಲಿ ಹಾಕುವ ಅಯೋಡಿನ್ ಡೈ ಅಲ್ಲ. ಕ್ರಿಯಾಟಿನಿನ್ ಹೆಚ್ಚಿರುವವರ ಕಿಡ್ನಿಗೆ ಇದರಿಂದ ಪೆಟ್ಟಾಗುವುದಿಲ್ಲ. ಡೈ ಅಲರ್ಜಿ ಇದ್ದವರೂ ಮಾಡಿಸಬಹುದು.

ಕೊನೆಗೆ, ಒಂದು ದಿನದ್ದೋ ಎರಡು ದಿನದ್ದೋ ಎಂದು ಕೇಳಿ. ಒಂದು ದಿನದ್ದಾದರೂ ಮೂರರಿಂದ ಐದು ಗಂಟೆ ಹಿಡಿಯುತ್ತದೆ. ಸಮಯಕ್ಕೆ ಸರಿಯಾಗಿ ಹೋಗುವುದು ಇಲ್ಲಿ ಬರೀ ಶಿಸ್ತಿನ ಮಾತಲ್ಲ. ಟೆಕ್ನೀಶಿಯಂ-99ಎಂ ಪ್ರತಿ 6 ಗಂಟೆಗೆ ಅರ್ಧವಾಗುತ್ತದೆ. ಬೆಳಿಗ್ಗೆ 8ಕ್ಕೆ ಅಳೆದಿಟ್ಟ ಔಷಧದಲ್ಲಿ ಮಧ್ಯಾಹ್ನ 2ಕ್ಕೆ ಉಳಿಯುವುದು ಅರ್ಧ. ನಾಳೆಗೆ ಎತ್ತಿಡುವಂತಿಲ್ಲ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ, ಆ ಜಾಗ ಇನ್ನೊಬ್ಬ ರೋಗಿಗೆ ಸಿಗುತ್ತದೆ.

## ಹಂತ 3: ಎರಡು ದಿನ ಮೊದಲು, ಮಾತ್ರೆಗಳ ಲೆಕ್ಕ

ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರವಿ. ಆಯುರ್ವೇದದ್ದು, ತಲೆನೋವಿನದು, ಇನ್‌ಹೇಲರ್, ಯಾವುದನ್ನೂ ಬಿಡಬೇಡಿ. ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳಲ್ಲಿರುವ ಔಷಧದ ಹೆಸರು ಕಾಣುವಂತೆ ಫೋನಿನಲ್ಲಿ ಫೋಟೋ ತೆಗೆದು ವೈದ್ಯರಿಗೆ ತೋರಿಸಿ, ಯಾವುದನ್ನು ಯಾವಾಗಿನಿಂದ ಬಿಡಬೇಕು ಎಂದು ಬರೆಸಿಕೊಳ್ಳಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಅವರು ಏನು ಹೇಳಬಹುದು, ಯಾಕೆ ಎಂಬುದಷ್ಟೇ ಮುಂದಿದೆ.

ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್: ಇವು ಬೀಟಾ ಬ್ಲಾಕರ್‌ಗಳು. ಹೃದಯದ ಬಡಿತ ಏರದಂತೆ ಹಿಡಿದಿಡುತ್ತವೆ, ಟ್ರೆಡ್‌ಮಿಲ್ ಮೇಲೆ ಗುರಿ ಮುಟ್ಟಲು ಬಿಡುವುದಿಲ್ಲ. ಹಾಗಾಗಿ 24ರಿಂದ 48 ಗಂಟೆ ಮೊದಲು ನಿಲ್ಲಿಸಲು ಹೇಳುವುದುಂಟು. ಆದರೆ ಇವನ್ನು ದಿಢೀರನೆ ಬಿಟ್ಟರೆ ಕೆಲವರಿಗೆ ಎದೆನೋವು ಮರುಕಳಿಸುತ್ತದೆ, ಬಿಪಿ ಏರುತ್ತದೆ. ಬಿಟ್ಟ ದಿನಗಳಲ್ಲಿ ಎದೆನೋವು ಬಂದರೆ ಸ್ಕ್ಯಾನ್‌ಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಡಿಲ್ಟಿಯಾಜೆಮ್, ವೆರಾಪಮಿಲ್, ನೈಟ್ರೇಟ್ ಮಾತ್ರೆಗಳು: ಮೊದಲೆರಡು ಬಡಿತವನ್ನು ತಗ್ಗಿಸುತ್ತವೆ, ನೈಟ್ರೇಟ್ ರಕ್ತದ ಕೊರತೆಯನ್ನು ಮರೆಮಾಡಬಲ್ಲದು. ಇವಕ್ಕೂ ಇದೇ ಎಚ್ಚರ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರ ಯಾವಾಗಲೂ ಜೇಬಿನಲ್ಲಿರಲಿ.

ಥಿಯೋಫಿಲಿನ್ ಇರುವ ಉಬ್ಬಸದ ಮಾತ್ರೆಗಳು, ಡೈಪಿರಿಡಮೋಲ್: ಡೆರಿಫಿಲಿನ್ ನಮ್ಮ ಊರುಗಳಲ್ಲಿ ಮನೆಮಾತು. ಅದನ್ನು ಹೃದಯದ ಪರೀಕ್ಷೆಗೆ ಸಂಬಂಧಿಸಿದ್ದೆಂದು ಯಾರೂ ಭಾವಿಸುವುದಿಲ್ಲ. ಆದರೆ ಥಿಯೋಫಿಲಿನ್ ಅಡಿನೋಸಿನ್‌ನ ಕೆಲಸವನ್ನೇ ತಡೆಯುತ್ತದೆ. ಡೈಪಿರಿಡಮೋಲ್ ಅದನ್ನು ವಿಪರೀತ ಹೆಚ್ಚಿಸುತ್ತದೆ. ಎರಡನ್ನೂ ಮುಂಚಿತವಾಗಿ ನಿಲ್ಲಿಸಬೇಕಾಗುತ್ತದೆ, ಸಾಮಾನ್ಯವಾಗಿ 48 ಗಂಟೆ. ಮಾತ್ರೆ ಬಿಟ್ಟರೆ ಉಬ್ಬಸ ಕೆರಳುವವರಿಗೆ ಬೇರೆ ದಾರಿ ಇದೆ, ವೈದ್ಯರಿಗೆ ಹೇಳಿ.

ಸಿಲ್ಡೆನಾಫಿಲ್, ಟಡಾಲಾಫಿಲ್: ಲೈಂಗಿಕ ದೌರ್ಬಲ್ಯಕ್ಕೆಂದು ತೆಗೆದುಕೊಳ್ಳುವ ಈ ಮಾತ್ರೆಗಳನ್ನು ಹೆಂಡತಿ ಮಕ್ಕಳ ಮುಂದೆ ಹೇಳಲು ಗಂಡಸರು ಹಿಂಜರಿಯುತ್ತಾರೆ. ಪರೀಕ್ಷೆಯಲ್ಲಿ ಎದೆನೋವು ಬಂದು ನೈಟ್ರೇಟ್ ಕೊಟ್ಟರೆ, ಈ ಮಾತ್ರೆ ಮೈಯಲ್ಲಿದ್ದವರ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು. ಸಿಬ್ಬಂದಿಯನ್ನು ಒಬ್ಬರೇ ಕಂಡು ಹೇಳಿ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲರ್: ಇವನ್ನು ಬಿಡಬೇಡಿ. ‘ಸ್ಕ್ಯಾನ್‌ಗೆ ಎಲ್ಲ ಮಾತ್ರೆ ನಿಲ್ಲಿಸಬೇಕಂತೆ’ ಎಂಬ ಗಾಳಿಮಾತು ಕೇಳಿ ಸ್ಟೆಂಟ್ ಹಾಕಿಸಿಕೊಂಡವರು ಇವನ್ನು ಬಿಟ್ಟರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಕೊಲೆಸ್ಟ್ರಾಲ್, ಥೈರಾಯ್ಡ್, ಫಿಟ್ಸ್ ಮಾತ್ರೆಗಳೂ ಎಂದಿನಂತೆ ನಡೆಯಲಿ.

ಇನ್ಸುಲಿನ್ ಮತ್ತು ಶುಗರ್ ಮಾತ್ರೆ: ಬೆಳಿಗ್ಗೆ ಪೂರ್ತಿ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ತಿನ್ನದೆ ಬಂದು, ಸರದಿಯಲ್ಲಿ ಕೂತಲ್ಲೇ ಬೆವರಿ ಕುಸಿಯುವವರಿದ್ದಾರೆ. ಆ ದಿನದ ಡೋಸ್ ಎಷ್ಟು, ಏನು ತಿನ್ನಬೇಕು ಎಂಬ ಎರಡನ್ನೂ ಒಟ್ಟಿಗೇ ಕೇಳಿ. ಆದಷ್ಟು ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ.

## ಹಂತ 4: ಕಡೆಯ 24 ಗಂಟೆ, ಕಾಫಿ ಚಹಾ ಪೂರ್ತಿ ಬಂದ್

ಕನಿಷ್ಠ 12 ಗಂಟೆ ಬೇಕೇ ಬೇಕು. ಹೆಚ್ಚಿನ ಕೇಂದ್ರಗಳು 24 ಗಂಟೆ ಕೇಳುತ್ತವೆ. 24ನ್ನೇ ಪಾಲಿಸಿ, ಯಾಕೆಂದರೆ ಕೆಫೀನ್ ಒಬ್ಬೊಬ್ಬರ ಮೈಯಿಂದ ಒಂದೊಂದು ವೇಗದಲ್ಲಿ ಹೊರಹೋಗುತ್ತದೆ.

ಅಡಿನೋಸಿನ್ ರಕ್ತನಾಳದ ಗೋಡೆಯಲ್ಲಿರುವ ಒಂದು ಬೀಗಕ್ಕೆ ಕೂತು ಅದನ್ನು ತೆರೆಯುತ್ತದೆ, ನಾಳ ಹಿಗ್ಗುತ್ತದೆ. ಕೆಫೀನ್ ಅದೇ ಬೀಗದ ಕಿಂಡಿಯಲ್ಲಿ ತುರುಕಿಕೊಂಡು ಕೂರುತ್ತದೆ, ಆದರೆ ತೆರೆಯುವುದಿಲ್ಲ. ಆರೋಗ್ಯವಂತ ನಾಳ ಹಿಗ್ಗದಿದ್ದರೆ ಕಟ್ಟಿಕೊಂಡ ನಾಳಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದು. ಇಡೀ ಹೃದಯ ಒಂದೇ ಸಮನೆ ಬೆಳಗಿ, ವರದಿ ನಾರ್ಮಲ್ ಎಂದು ಬರುತ್ತದೆ. ನೀವು ಟ್ರೆಡ್‌ಮಿಲ್‌ಗೆ ಹೆಸರು ಕೊಟ್ಟಿದ್ದರೂ ಇದು ಅನ್ವಯಿಸುತ್ತದೆ, ಏಕೆಂದರೆ ನಡೆಯಲಾಗದೆ ನಿಂತರೆ ಅಲ್ಲಿಯೇ ಔಷಧಕ್ಕೆ ಬದಲಾಯಿಸುತ್ತಾರೆ.

ಬಿಡಬೇಕಾದ್ದು ಫಿಲ್ಟರ್ ಕಾಫಿ ಒಂದೇ ಅಲ್ಲ. ಚಹಾ, ಗ್ರೀನ್ ಟೀ, ಲೆಮನ್ ಟೀ, ಕೋಲಾ, ಎನರ್ಜಿ ಡ್ರಿಂಕ್, ಚಾಕೊಲೇಟ್, ಕೋಕೋ ಇರುವ ಬೋರ್ನ್‌ವಿಟಾ ಮತ್ತು ಬೂಸ್ಟ್, ಕಾಫಿ ರುಚಿಯ ಬಿಸ್ಕತ್ತು ಮತ್ತು ಐಸ್‌ಕ್ರೀಂ, ಎಲ್ಲವೂ ಪಟ್ಟಿಯಲ್ಲಿವೆ. ‘ಡಿಕಾಫ್’ ಎಂದು ಬರೆದಿದ್ದರೂ ಅದರಲ್ಲಿ ಸ್ವಲ್ಪ ಕೆಫೀನ್ ಇರುತ್ತದೆ. ಸಾರಿಡಾನ್‌ನಂಥ ತಲೆನೋವಿನ ಮಾತ್ರೆಗಳಲ್ಲೂ ಇದೆ. ಕಾಫಿ ಬಿಟ್ಟದ್ದಕ್ಕೆ ತಲೆ ಸಿಡಿಯುತ್ತದೆಂದು ಅಂಥ ಮಾತ್ರೆ ನುಂಗಿದರೆ ಬಿಟ್ಟದ್ದೆಲ್ಲ ವ್ಯರ್ಥ. ಬರೀ ಪ್ಯಾರಾಸಿಟಮಾಲ್ ಆದರೆ ತೊಂದರೆಯಿಲ್ಲ.

ಕುಡಿಯಬಹುದಾದ್ದು: ನೀರು, ಮಜ್ಜಿಗೆ, ಬಿಸಿಹಾಲು, ಕೊತ್ತಂಬರಿ ಜೀರಿಗೆ ಕಷಾಯ (ಚಹಾಪುಡಿ ಹಾಕದ್ದು), ರಾಗಿ ಗಂಜಿ.

ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಇನ್ನೊಂದು ಮಾತು. ನಿಯಮ ಮುರಿಯುವುದು ಮನೆಯಲ್ಲಿ ಅಲ್ಲ, ಬೆಳಿಗ್ಗೆ ಐದೂವರೆಗೆ ಬಸ್ ನಿಲ್ದಾಣದಲ್ಲಿ. ಮಗನೋ ಅಳಿಯನೋ ಕಾಳಜಿಯಿಂದಲೇ ಎರಡು ಲೋಟ ತರುತ್ತಾನೆ, ಕಣ್ಣಲ್ಲಿ ನಿದ್ದೆ, ಕೈ ತಾನಾಗಿ ಮುಂದಾಗುತ್ತದೆ. ಜೊತೆಗೆ ಬರುವವರಿಗೂ ಈ ನಿಯಮ ಓದಿ ಹೇಳಿ. ಮರೆತು ಕುಡಿದಿದ್ದರೆ, ಒಂದೇ ಗುಟುಕಾದರೂ, ಎಷ್ಟು ಹೊತ್ತಿಗೆ ಕುಡಿದಿರೆಂದು ಸಿಬ್ಬಂದಿಗೆ ಹೇಳಿ. ಬೈದರೂ ಬೈಯಲಿ. ಆ ದಿನ ವಿಶ್ರಾಂತಿಯ ಚಿತ್ರ ತೆಗೆದು, ಸ್ಟ್ರೆಸ್ ಭಾಗವನ್ನು ಮಾರನೆಯ ದಿನಕ್ಕೆ ಇಡಬಹುದು.

ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಇವೂ ಪರೀಕ್ಷೆ ಮುಗಿಯುವವರೆಗೆ ಬೇಡ.

## ಹಂತ 5: ಆ ಬೆಳಿಗ್ಗೆ

ಸಾಮಾನ್ಯವಾಗಿ ನಾಲ್ಕು ಗಂಟೆ ಖಾಲಿ ಹೊಟ್ಟೆ ಸಾಕು, ನೀರು ಕುಡಿಯಬಹುದು. ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ ಬಂದರೆ ರಕ್ತನಾಳ ಸಿಗದೆ ಸೂಜಿ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ.

ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿಕೊಳ್ಳಿ. ಹೆಂಗಸರಿಗೆ ಸೀರೆಗಿಂತ ಸಲ್ವಾರ್ ಅಥವಾ ಪ್ಯಾಂಟ್ ಅನುಕೂಲ, ಓಡುವ ಬೆಲ್ಟಿಗೆ ಸೆರಗು ನೆರಿಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಹವಾಯಿ ಚಪ್ಪಲಿ ಬೇಡ, ಬೂಟು ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ಕೊರಳ ಸರ, ದಪ್ಪ ತಾಳಿ, ಲೋಹದ ಕೊಂಡಿಯ ಒಳಉಡುಪು ಚಿತ್ರದಲ್ಲಿ ನೆರಳು ಬೀಳಿಸುತ್ತವೆ. ತಾಳಿ ತೆಗೆಯಲು ಮನಸ್ಸಿಲ್ಲದವರು ಅದನ್ನು ಕೊರಳ ಬಳಿ ಮೇಲಕ್ಕೆ ಸರಿಸಿ ಅಂಟಿಸಬಹುದೇ ಎಂದು ಕೇಳಿ.

ಜೊತೆಗೆ ತರಬೇಕಾದ್ದು: ಚೀಟಿ, ಹಳೆಯ ಇಸಿಜಿ, ಎಕೋ ಮತ್ತು ಆಂಜಿಯೋಗ್ರಾಂ ವರದಿ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಡಿಸ್ಚಾರ್ಜ್ ಕಾಗದ, ಮಾತ್ರೆಗಳ ಪಟ್ಟಿ, ಇನ್‌ಹೇಲರ್, ಶುಗರ್ ಇಳಿದರೆ ಬಾಯಿಗೆ ಹಾಕಲು ಸಕ್ಕರೆ, ಪರೀಕ್ಷೆಯ ನಂತರ ತಿನ್ನಲು ಬುತ್ತಿ. ಗರ್ಭಿಣಿಯರನ್ನೂ ಚಿಕ್ಕ ಮಕ್ಕಳನ್ನೂ ಜೊತೆಗೆ ಕರೆತರಬೇಡಿ.

ಹೋಗಬಾರದ ಸಂದರ್ಭ: ಆ ಬೆಳಿಗ್ಗೆಯೇ ಕೂತಲ್ಲಿ ಎದೆನೋವು, ಉಸಿರುಗಟ್ಟುವಿಕೆ, ತಣ್ಣನೆ ಬೆವರು ಬಂದರೆ ಸ್ಕ್ಯಾನ್ ಸರದಿಗೆ ಹೋಗಿ ಕೂರಬೇಡಿ. ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಜ್ವರ ಅಥವಾ ಉಬ್ಬಸ ಇದ್ದರೆ ಫೋನ್ ಮಾಡಿ ದಿನ ಬದಲಿಸಿ.

## ಹಂತ 6: ಮೊದಲ ಚುಚ್ಚುಮದ್ದು, ಮೊದಲ ಚಿತ್ರ

ಮೊಣಕೈ ಮಡಿಕೆಯ ಬಳಿ ಕ್ಯಾನುಲಾ (ರಕ್ತನಾಳದಲ್ಲಿ ಇಟ್ಟಿರುವ ಸಣ್ಣ ಕೊಳವೆ) ಹಾಕುತ್ತಾರೆ. ಔಷಧ ತುಂಬಿದ ಸಿರಿಂಜು ದಪ್ಪ ಲೋಹದ ಕವಚದೊಳಗೆ ಬರುತ್ತದೆ. ದಿನಕ್ಕೆ ಹತ್ತಾರು ರೋಗಿಗಳಿಗೆ ಚುಚ್ಚುವ ಸಿಬ್ಬಂದಿಯ ರಕ್ಷಣೆಗೆ ಅದು. ನೋಡಿ ಗಾಬರಿಯಾಗಬೇಡಿ. ಚುಚ್ಚುವಾಗ ಉರಿ, ಊತ, ಬಿಗಿತ ಅನಿಸಿದರೆ ತಕ್ಷಣ ಹೇಳಿ. ಔಷಧ ನಾಳದ ಹೊರಗೆ ಸೋರಿದರೆ ಹೃದಯಕ್ಕೆ ತಲುಪುವುದು ಕಡಿಮೆಯಾಗಿ ಚಿತ್ರ ಮಸುಕಾಗುತ್ತದೆ.

ಆಮೇಲೆ 45ರಿಂದ 60 ನಿಮಿಷ ಕಾಯಬೇಕು. ಇದು ಸರದಿಯ ವಿಳಂಬವಲ್ಲ, ಪರೀಕ್ಷೆಯ ಭಾಗ. ಔಷಧದ ಒಂದು ಪಾಲು ಪಿತ್ತಜನಕಾಂಗಕ್ಕೂ ಹೋಗಿರುತ್ತದೆ, ಅದು ಹೃದಯದ ಕೆಳಗೋಡೆಗೆ ಒತ್ತಿಕೊಂಡೇ ಇದೆ. ಅದು ಬೆಳಗುತ್ತಿದ್ದರೆ ಕೆಳಗೋಡೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಹಾಲು, ಬೆಣ್ಣೆ ಸವರಿದ ಬ್ರೆಡ್ ಅಥವಾ ತುಂಬ ನೀರು ಕೊಡುತ್ತಾರೆ, ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗಲಿ ಎಂದು. ಕೊಟ್ಟದ್ದನ್ನು ಪೂರ್ತಿ ಕುಡಿಯಿರಿ, ಸ್ವಲ್ಪ ಓಡಾಡಿ. ಅವರು ಹೇಳದೆ ಹೊರಗೆ ಹೋಗಿ ಇಡ್ಲಿ ವಡೆ ತಿನ್ನಬೇಡಿ.

ಕ್ಯಾಮೆರಾ ಬಂದೂಕಿನಂತೆ ಏನನ್ನೂ ಹೊಡೆಯುವುದಿಲ್ಲ. ನಿಮ್ಮೊಳಗಿಂದ ಬರುವ ಗಾಮಾ ಕಿರಣಗಳನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಎಂಆರ್‌ಐನ ಸದ್ದೂ ಇಲ್ಲ, ಉದ್ದದ ಸುರಂಗವೂ ಇಲ್ಲ. ಎಡಗೈ, ಕೆಲವೆಡೆ ಎರಡೂ ಕೈ ತಲೆಯ ಮೇಲಿಟ್ಟು ಮಲಗಬೇಕು. ಕ್ಯಾಮೆರಾದ ತಲೆಗಳು ಎದೆಯ ಸುತ್ತ ಅರ್ಧ ವೃತ್ತ ಸುತ್ತಲು 10ರಿಂದ 20 ನಿಮಿಷ ಬೇಕು, ಹೊಸ ಬಗೆಯ ಕ್ಯಾಮೆರಾಗಳಲ್ಲಿ ಇನ್ನೂ ಬೇಗ ಮುಗಿಯುತ್ತದೆ.

ಈ ಹೊತ್ತಿನಲ್ಲಿ ರೋಗಿ ಮಾಡುವ ದೊಡ್ಡ ತಪ್ಪು ಅಲುಗಾಡುವುದು. ಒಂದೆರಡು ಸೆಂಟಿಮೀಟರ್ ಸರಿದರೂ ಇಲ್ಲದ ಬ್ಲಾಕ್ ಇರುವಂತೆ ಕಾಣಬಹುದು. ಮಾತಾಡಬೇಡಿ, ನಿದ್ದೆಗೂ ಜಾರಬೇಡಿ, ನಿದ್ದೆಯಲ್ಲಿ ಮೈ ಬೆಚ್ಚಿಬೀಳುತ್ತದೆ. ಉಸಿರು ಬಿಗಿಹಿಡಿಯಬೇಕಿಲ್ಲ, ಸಹಜವಾಗಿ ಆಡಲಿ. ಮಲಗುವ ಮೊದಲೇ ಮೂತ್ರಕ್ಕೆ ಹೋಗಿ ಬನ್ನಿ. ಭುಜ ನೋಯತೊಡಗಿದರೆ ಮೊದಲೇ ದಿಂಬು ಕೇಳಿ, ನಡುವೆ ಕೈ ಇಳಿಸಬೇಡಿ. ಅಲುಗಾಡಿದ್ದರೆ ಒಪ್ಪಿಕೊಳ್ಳಿ, ಮತ್ತೆ ತೆಗೆಯುತ್ತಾರೆ, ಹೊಸ ಚುಚ್ಚುಮದ್ದು ಬೇಕಿಲ್ಲ. ಕೆಲವರನ್ನು ಬೋರಲು ಮಲಗಿಸಿ ಇನ್ನೊಮ್ಮೆ ತೆಗೆಯುವುದೂ ಉಂಟು. ವಪೆಯ (ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆ) ಅಥವಾ ಸ್ತನದ ನೆರಳೋ, ನಿಜವಾದ ಕೊರತೆಯೋ ಎಂದು ಬಿಡಿಸಿ ನೋಡಲು ಹಾಗೆ ಮಾಡುತ್ತಾರೆ. ಏನೋ ದೊಡ್ಡದು ಕಂಡಿದೆ ಎಂದು ಅರ್ಥವಲ್ಲ.

## ಹಂತ 7: ಹೃದಯಕ್ಕೆ ಕೆಲಸ ಕೊಡುವುದು

### ಟ್ರೆಡ್‌ಮಿಲ್ ಆದರೆ

ಗುರಿ ಹೀಗೆ: 220ರಿಂದ ವಯಸ್ಸು ಕಳೆದು, ಬಂದದ್ದರ 85 ಪ್ರತಿಶತ. 60 ವರ್ಷದವರಿಗೆ 160, ಅದರ 85 ಪ್ರತಿಶತ ಎಂದರೆ ನಿಮಿಷಕ್ಕೆ 136 ಬಡಿತ. ಹೆಚ್ಚಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೆ ವೇಗ ಮತ್ತು ಏರು ಎರಡೂ ಹೆಚ್ಚುತ್ತವೆ. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್, ಎರಡನೆಯದು 4, ಮೂರನೆಯದು 5.5.

ಎರಡನೆಯ ಚುಚ್ಚುಮದ್ದು ಕೊಡುವುದು ನೀವು ಓಡುತ್ತಿರುವಾಗಲೇ, ಬಡಿತ ಗುರಿ ಮುಟ್ಟಿದ ಮೇಲೆ. ಕೊಟ್ಟ ನಂತರ ಕನಿಷ್ಠ ಒಂದು ನಿಮಿಷ ನಡೆಯಲೇಬೇಕು. ಆ ನಿಮಿಷದಲ್ಲಿ ಔಷಧ ಹೃದಯದೊಳಗೆ ಸೇರುತ್ತಿರುತ್ತದೆ. ಸೂಜಿ ಮುಗಿದ ಕೂಡಲೇ ನಿಂತುಬಿಡುವವರು ಅಷ್ಟು ಹೊತ್ತಿನ ಶ್ರಮವನ್ನು ಕಳೆದುಕೊಳ್ಳುತ್ತಾರೆ. ಹಾಗಾಗಿ ಸುಸ್ತು ಪೂರ್ತಿ ಆವರಿಸುವ ಮೊದಲೇ, “ಇನ್ನೊಂದೆರಡು ನಿಮಿಷ ಆದೀತು” ಎನ್ನುವಾಗಲೇ ಕೂಗಿ ಹೇಳಿ. ಕಂಬಿಗೆ ಜೋತುಬೀಳಬೇಡಿ, ಬೆರಳಿಟ್ಟರೆ ಸಾಕು.

ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ, ಕಾಲು ನಡುಕ ಬಂದರೆ ಮುಚ್ಚಿಡಬೇಡಿ. ಧೈರ್ಯ ತೋರಿಸುವ ಜಾಗ ಇದಲ್ಲ. ಯಾವ ನಿಮಿಷದಲ್ಲಿ ನೋವು ಬಂತು ಎಂಬುದೂ ವರದಿಯ ಭಾಗವೇ.

### ಔಷಧದಿಂದಾದರೆ

ಅಡಿನೋಸಿನ್ ಅನ್ನು ತೂಕಕ್ಕೆ ತಕ್ಕಂತೆ ಪಂಪಿನಿಂದ ಸಾಮಾನ್ಯವಾಗಿ 6 ನಿಮಿಷ ಹರಿಸುತ್ತಾರೆ, ನಡುವೆ ಮೂರನೇ ನಿಮಿಷಕ್ಕೆ ವಿಕಿರಣ ಔಷಧ. ಮುಖ ಬಿಸಿಯಾಗಿ ಕೆಂಪೇರುತ್ತದೆ, ಎದೆ ಒತ್ತಿದಂತೆ, ಉಸಿರು ಸಾಲದಂತೆ, ಗಂಟಲು ಹಿಡಿದಂತೆ, ಹೊಟ್ಟೆ ತೊಳಸಿದಂತೆ ಆಗುತ್ತದೆ. ಇದು ಹೆಚ್ಚಿನವರಿಗೆ ಆಗುವಂಥದ್ದು, ಹೃದಯಾಘಾತವಲ್ಲ. ರಕ್ತದಲ್ಲಿ ಅಡಿನೋಸಿನ್ ಹತ್ತು ಸೆಕೆಂಡಿನೊಳಗೆ ಅರ್ಧಕ್ಕಿಳಿಯುತ್ತದೆ. ಪಂಪ್ ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತದೆ. ಹೆಚ್ಚಾದರೆ ಅಮಿನೋಫಿಲಿನ್ ಎಂಬ ಪ್ರತ್ಯೌಷಧ ಕೈಯಳತೆಯಲ್ಲೇ ಇರುತ್ತದೆ. ಇದನ್ನು ಮೊದಲೇ ತಿಳಿದವರು ಆರು ನಿಮಿಷ ಸಲೀಸಾಗಿ ಕಳೆಯುತ್ತಾರೆ, ತಿಳಿಯದವರು ಎರಡನೇ ನಿಮಿಷಕ್ಕೆ ಕಿತ್ತುಹಾಕಿ ಎನ್ನುತ್ತಾರೆ. ಡೋಬುಟಮಿನ್ ಆದರೆ ಓಡಿದಂತೆ ಎದೆ ಬಡಿದುಕೊಳ್ಳುತ್ತದೆ. ಅದು ಇಳಿಯಲು ಇನ್ನೂ ಕೆಲವು ನಿಮಿಷ ಬೇಕು.

ಸೂಚನೆ: ಸೀಟಿ ಹೊಡೆದಂತೆ ಉಬ್ಬಸ ಬಂದರೆ ಅದು ಮಾಮೂಲಿಯಲ್ಲ. ಕೈ ಎತ್ತಿ ತಿಳಿಸಿ.

ಓಡಿದವರಿಗೆ ಸುಮಾರು 15ರಿಂದ 20 ನಿಮಿಷ, ಔಷಧ ಪಡೆದವರಿಗೆ 45ರಿಂದ 60 ನಿಮಿಷ ಬಿಟ್ಟು ಎರಡನೆಯ ಚಿತ್ರ. ಮಲಗುವ ರೀತಿ, ಕೈಯ ಜಾಗ, ಬಟ್ಟೆ ಎಲ್ಲ ಮೊದಲಿನಂತೆಯೇ ಇರಬೇಕು. ಎರಡನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಾರಲ್ಲ.

## ಹಂತ 8: ಮನೆಗೆ ಹೋದ ಮೇಲೆ

ಕಾಫಿ ಕುಡಿಯಬಹುದು, ಎರಡನೇ ದಿನದ ಪರೀಕ್ಷೆ ಬಾಕಿ ಇಲ್ಲದಿದ್ದರೆ. ನಿಲ್ಲಿಸಿದ ಮಾತ್ರೆಗಳನ್ನು ಎಂದಿನಿಂದ ಶುರುಮಾಡಬೇಕೆಂದು ಕೇಳಿಯೇ ಹೊರಡಿ. ಇದನ್ನು ಕೇಳಲು ಮರೆತು ವಾರಗಟ್ಟಲೆ ಮೆಟೊಪ್ರೊಲಾಲ್ ಇಲ್ಲದೆ ಇರುವವರಿದ್ದಾರೆ.

ಆ ದಿನ ನೀರು ಚೆನ್ನಾಗಿ ಕುಡಿದು ಪದೇ ಪದೇ ಮೂತ್ರಕ್ಕೆ ಹೋಗಿ (ಹೃದಯದ ವೈಫಲ್ಯದಿಂದ ನೀರಿಗೆ ಮಿತಿ ಇರುವವರು ಆ ಮಿತಿಯನ್ನೇ ಪಾಲಿಸಿ). ಗಂಡಸರೂ ಕೂತೇ ಮಾಡಲಿ, ನೀರು ಎರಡು ಸಲ ಹಾಕಲಿ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಹೊತ್ತುಗಟ್ಟಲೆ ಕೂರಿಸಿಕೊಳ್ಳುವುದು, ಗರ್ಭಿಣಿಯ ಪಕ್ಕ ಮಲಗುವುದು ಆ ದಿನ ಬೇಡ. ಅಡುಗೆ ಮಾಡಬಹುದು, ಎಲ್ಲರ ಜೊತೆ ಊಟಕ್ಕೆ ಕೂರಬಹುದು. ಟೆಕ್ನೀಶಿಯಂ ಆದರೆ ಮಾರನೆಯ ದಿನದ ಹೊತ್ತಿಗೆ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಥ್ಯಾಲಿಯಂ-201 ಅರ್ಧವಾಗಲು ಸುಮಾರು 73 ಗಂಟೆ ಬೇಕು. ಅದಕ್ಕೇ ಅದರ ಎಚ್ಚರಿಕೆಗಳು ಹೆಚ್ಚು ದಿನ.

ಒಂದು ದಿನದ ಟೆಕ್ನೀಶಿಯಂ ಪರೀಕ್ಷೆಯಲ್ಲಿ ಮೈಗೆ ತಾಗುವ ವಿಕಿರಣ ಸುಮಾರು 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ತಾಗುವುದರ ಜಾಗತಿಕ ಸರಾಸರಿ ವರ್ಷಕ್ಕೆ 2.4. ಅಗತ್ಯವಿರುವ ರೋಗಿಗೆ ಇದು ಹೆದರಿ ಬಿಡುವಷ್ಟು ದೊಡ್ಡದಲ್ಲ. ಆದರೆ ಯಾವ ಲಕ್ಷಣವೂ ಇಲ್ಲದವರು ‘ಒಮ್ಮೆ ನೋಡಿಬಿಡೋಣ’ ಎಂದು ವರ್ಷವರ್ಷ ಮಾಡಿಸುವಂಥದ್ದೂ ಅಲ್ಲ.

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೊರಟವರು ಗಮನಿಸಿ: ಕೆಲವು ವಿಮಾನ ನಿಲ್ದಾಣ ಮತ್ತು ಗಡಿಗಳಲ್ಲಿರುವ ವಿಕಿರಣ ಪತ್ತೆ ಯಂತ್ರಗಳು ಟೆಕ್ನೀಶಿಯಂ ಪಡೆದವರನ್ನು ಕೆಲವು ದಿನ, ಥ್ಯಾಲಿಯಂ ಪಡೆದವರನ್ನು ವಾರಗಳವರೆಗೆ ಗುರುತಿಸಬಲ್ಲವು. ಔಷಧದ ಹೆಸರು, ದಿನಾಂಕ, ಕೇಂದ್ರದ ಫೋನ್ ಇರುವ ಪತ್ರ ಕೇಳಿ ಪಡೆದು ಪಾಸ್‌ಪೋರ್ಟ್ ಜೊತೆಗಿಡಿ.

ಮನೆಗೆ ಬಂದ ಮೇಲೆ ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದಂತಾಗುವುದು ಇವಿದ್ದರೆ ವರದಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

## ಹಂತ 9: ವರದಿ ಓದುವುದು

ಮೊದಲು ನೋಡಬೇಕಾದ್ದು ತೀರ್ಮಾನದ ಸಾಲಲ್ಲ, ಸ್ಟ್ರೆಸ್ ಸಾಲು: ಗರಿಷ್ಠ ಬಡಿತದ (220ರಿಂದ ವಯಸ್ಸು ಕಳೆದದ್ದು) ಎಷ್ಟು ಪ್ರತಿಶತ ಮುಟ್ಟಿತು? 85ಕ್ಕಿಂತ ಬಹಳ ಕಡಿಮೆ ಇದ್ದು ‘ನಾರ್ಮಲ್’ ಎಂದಿದ್ದರೆ ಆ ನಾರ್ಮಲ್‌ಗೆ ತೂಕ ಕಡಿಮೆ. ವೈದ್ಯರ ಗಮನಕ್ಕೆ ತನ್ನಿ. ಅಡಿನೋಸಿನ್ ಪಡೆದವರಿಗೆ ಈ ಲೆಕ್ಕವಿಲ್ಲ.

ರಿವರ್ಸಿಬಲ್ ಡಿಫೆಕ್ಟ್: ವಿಶ್ರಾಂತಿಯಲ್ಲಿ ಸರಿಯಿದ್ದು, ಕೆಲಸ ಕೊಟ್ಟಾಗ ಮಂಕಾದ ಜಾಗ. ಸ್ನಾಯು ಬದುಕಿದೆ, ರಕ್ತ ಸಾಲುತ್ತಿಲ್ಲ. ನಾಳೆಯೇ ಸ್ಟೆಂಟ್ ಎಂದಲ್ಲ. ಕೊರತೆಯ ವಿಸ್ತಾರ, ಲಕ್ಷಣ, ಔಷಧಕ್ಕೆ ಸ್ಪಂದನ ನೋಡಿ ನಿರ್ಧಾರ ಮಾಡುತ್ತಾರೆ. ಹೃದಯದ ಎಷ್ಟು ಪ್ರತಿಶತ ಭಾಗಕ್ಕೆ ಕೊರತೆ ಎಂದು ಕೇಳಿ.

ಫಿಕ್ಸ್‌ಡ್ ಡಿಫೆಕ್ಟ್: ಎರಡರಲ್ಲೂ ಮಂಕು. ಸಾಮಾನ್ಯವಾಗಿ ಹಳೆಯ ಹೃದಯಾಘಾತದ ಕಲೆ, ಕೆಲವೊಮ್ಮೆ ಬರೀ ನೆರಳು.

ಎಲ್‌ವಿಇಎಫ್: ಪ್ರತಿ ಬಡಿತಕ್ಕೆ ಎಡಕೋಣೆ ಹೊರಹಾಕುವ ರಕ್ತದ ಪಾಲು. 50ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸರಿ. ಸಣ್ಣ ಹೃದಯದ ಹೆಂಗಸರಲ್ಲಿ ಇದು 75, 80 ಎಂದು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಎಕೋದ ಅಂಕಿಗೂ ಇದಕ್ಕೂ ಐದಾರು ವ್ಯತ್ಯಾಸವಿದ್ದರೆ ಗಾಬರಿ ಬೇಡ.

ಟಿಐಡಿ: ಕೆಲಸ ಕೊಟ್ಟಾಗ ಎಡಕೋಣೆ ಹಿಗ್ಗಿದಂತೆ ಕಂಡರೆ ಈ ಅಕ್ಷರಗಳು ಬರುತ್ತವೆ. ಚಿತ್ರ ಸರಿಸುಮಾರು ನಾರ್ಮಲ್ ಇದ್ದು ಟಿಐಡಿ ಇದ್ದರೆ ವೈದ್ಯರನ್ನು ತಪ್ಪದೆ ಕೇಳಿ. ಈ ಪರೀಕ್ಷೆ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸಿ ನೋಡುವಂಥದ್ದು. ಮೂರೂ ನಾಳಗಳು ಸರಿಸಮವಾಗಿ ಕಟ್ಟಿಕೊಂಡಿದ್ದರೆ ಹೋಲಿಸಲು ಒಳ್ಳೆಯ ಭಾಗವೇ ಇರುವುದಿಲ್ಲ, ಕೊರತೆ ತಪ್ಪಿಸಿಕೊಳ್ಳಬಹುದು. ಹಾಗೆಂದೇ, ವರದಿ ನಾರ್ಮಲ್ ಬಂದರೂ ನಡೆದಾಗ ಎದೆ ಬಿಗಿಯುವುದು ಮುಂದುವರಿದಿದ್ದರೆ ಕಾಗದ ನಂಬಿ ಸುಮ್ಮನಿರಬೇಡಿ.

## ಎಫ್‌ಡಿಜಿ ಪೆಟ್ ಇದ್ದವರಿಗೆ ಪ್ರತ್ಯೇಕ ತಯಾರಿ

ಸಾರ್ಕಾಯ್ಡೋಸಿಸ್‌ನಂಥ ಉರಿಯೂತ ಹುಡುಕಲು ಮಾಡುವ ಪೆಟ್ ನಮ್ಮ ಊಟದ ಪದ್ಧತಿಯಿಂದಲೇ ಹೆಚ್ಚು ಕೆಡುತ್ತದೆ. ಆರೋಗ್ಯಕರ ಹೃದಯಸ್ನಾಯು ಸಕ್ಕರೆ ಬಿಟ್ಟು ಕೊಬ್ಬನ್ನೇ ಉರಿಸುವಂತೆ ಮಾಡಬೇಕು, ಆಗ ಉರಿಯೂತದ ಜಾಗ ಮಾತ್ರ ಸಕ್ಕರೆ ಹೀರಿ ಬೆಳಗುತ್ತದೆ. ಒಂದು ತುತ್ತು ಅನ್ನ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ಹಿಂದಿನ ದಿನ ಕನಿಷ್ಠ ಎರಡು ಊಟ ಪೂರ್ತಿ ಕೊಬ್ಬು ಮತ್ತು ಪ್ರೋಟೀನ್: ತುಪ್ಪ ಅಥವಾ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಮೊಟ್ಟೆ, ಹಿಟ್ಟು ಸವರದೆ ಹುರಿದ ಮೀನು, ಚರ್ಮ ಸಮೇತ ಕೋಳಿ. ಅನ್ನ, ಮುದ್ದೆ, ರೊಟ್ಟಿ, ಚಪಾತಿ, ಇಡ್ಲಿ, ಬೇಳೆ ಸಾರು, ಆಲೂಗಡ್ಡೆ, ಹಣ್ಣು, ಹಾಲು, ಮೊಸರು, ಸಕ್ಕರೆ, ಬೆಲ್ಲ ಯಾವುದೂ ಇಲ್ಲ. ಸಸ್ಯಾಹಾರಿಗಳು ಏನು ತಿನ್ನಬಹುದೆಂದು ಕೇಂದ್ರದಿಂದಲೇ ಪಟ್ಟಿ ಪಡೆಯಿರಿ, ಪನೀರನ್ನು ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಆಮೇಲೆ ರಾತ್ರಿಯಿಡೀ ಉಪವಾಸ, ನೀರು ಮಾತ್ರ. ದೇವಸ್ಥಾನದ ಪ್ರಸಾದ, ಕೆಮ್ಮಿನ ಸಿರಪ್, ಬಾಯಲ್ಲಿಡುವ ಪೆಪ್ಪರ್‌ಮಿಂಟ್, ಆಸ್ಪತ್ರೆಯಲ್ಲಿ ಏರಿಸುವ ಡೆಕ್ಸ್‌ಟ್ರೋಸ್ ಬಾಟಲಿ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಿಂದದ್ದನ್ನೆಲ್ಲ ಸಮಯ ಸಮೇತ ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ, ಸ್ಕ್ಯಾನ್ ಓದುವವರಿಗೆ ಅದು ಬೇಕಾಗುತ್ತದೆ.

ಅದೇ ಎಫ್‌ಡಿಜಿ ಪೆಟ್ ಅನ್ನು ವಯಬಿಲಿಟಿಗೆ ಮಾಡುವುದಾದರೆ ತದ್ವಿರುದ್ಧ: ಗ್ಲೂಕೋಸ್ ಕುಡಿಸಿ, ಬೇಕಾದರೆ ಇನ್ಸುಲಿನ್ ಕೊಟ್ಟು ಹೃದಯಕ್ಕೆ ಸಕ್ಕರೆ ತಿನ್ನಿಸುತ್ತಾರೆ. ಚೀಟಿಯಲ್ಲಿ ಬರೀ ‘ಕಾರ್ಡಿಯಾಕ್ ಪೆಟ್’ ಎಂದಿದ್ದರೆ ಎರಡರಲ್ಲಿ ಯಾವುದೆಂದು ತಿಳಿಯದೆ ಅಡುಗೆಮನೆಗೆ ಹೋಗಬೇಡಿ.

ಯಾವ ಸ್ಕ್ಯಾನ್ ಆದರೂ ವರದಿಯ ಜೊತೆಗೆ ಚಿತ್ರಗಳ ಸಿಡಿ ಅಥವಾ ಪೆನ್‌ಡ್ರೈವ್ ಪ್ರತಿ ಕೇಳಿ ಪಡೆಯಿರಿ. ಎರಡು ವರ್ಷ ಬಿಟ್ಟು ಇನ್ನೊಂದು ಊರಲ್ಲಿ ಮತ್ತೆ ಮಾಡಿಸಬೇಕಾದಾಗ, ಬದಲಾವಣೆ ಎಲ್ಲಾಗಿದೆ ಎಂದು ಹೋಲಿಸಲು ಬೇಕಾಗುವುದು ಆ ಹಳೆಯ ಚಿತ್ರಗಳೇ.